ಸೊನ್ನೆ ನಂಬರಿನ ಸಲಹೆ

ಪೀಣ್ಯದ ಆ ಕೆಲಸವನ್ನು ನಾನು ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಅದು ನನ್ನ ಮನೆಯಿಂದ ಎರಡೇ ಮೆಟ್ರೋ ನಿಲ್ದಾಣದಷ್ಟು ದೂರವಿತ್ತು. ನನ್ನ ಮನೆ ಟಿ. ದಾಸರಹಳ್ಳಿಯಲ್ಲಿ, ಕಚೇರಿ ಹೂಡಿಯಲ್ಲಿ. ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಿನಾ ಸೀಳಿಕೊಂಡು ಹೋಗಿ ಬರುವುದರಲ್ಲೇ ನನ್ನ ಅರ್ಧ ಆಯುಷ್ಯ ಮುಗಿಯುತ್ತಿತ್ತು. ಪೀಣ್ಯದ ಗಿರಾಕಿಗೆ ಪ್ರೋಗ್ರಾಮು ಬರೆದುಕೊಡಬೇಕು, ಆರು ತಿಂಗಳು ಅಲ್ಲೇ ಕೂರಬೇಕು ಎಂದಾಗ ಬೇರೆ ಯಾರೂ ಬಾಯಿಬಿಡುವ ಮೊದಲೇ ಕೈಯೆತ್ತಿದೆ.

ಆದರೆ ಹಾಜರಾತಿಯ ಬೆರಳಚ್ಚಿನ ಯಂತ್ರ ಹೂಡಿಯಲ್ಲಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಲ್ಲಿ ಬೆರಳೊತ್ತದಿದ್ದರೆ ರಜೆ ಎಂದೇ ಅರ್ಥ. ಹಾಗಾಗಿ ನಾನು ಬೆಳಿಗ್ಗೆ ಪೀಣ್ಯವನ್ನು ದಾಟಿಕೊಂಡು ಹೂಡಿಗೆ ಹೋಗಿ ಬೆರಳೊತ್ತಿ, ಪೀಣ್ಯಕ್ಕೆ ವಾಪಸ್ಸು ಬರುತ್ತಿದ್ದೆ. ಸಂಜೆ ಮತ್ತೆ ಹೂಡಿಗೆ ಹೋಗಿ ಬೆರಳೊತ್ತಿ ಪೀಣ್ಯವನ್ನು ದಾಟಿಕೊಂಡು ಮನೆ ಸೇರುತ್ತಿದ್ದೆ. ಮನೆಗೆ ಹತ್ತಿರವೆಂದು ಹಿಡಿದ ಕೆಲಸ ನನ್ನ ಪ್ರಯಾಣವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿತು. ಇದನ್ನು ನಮ್ಮ ಬಾಸ್‌ಗೆ ಹೇಳಿದಾಗ ಅವರು, "ಹೌದಲ್ವಾ, ಇಂಟರೆಸ್ಟಿಂಗ್" ಎಂದರು. ಅಷ್ಟಕ್ಕೇ ಆ ವಿಷಯ ಮುಗಿಯಿತು.

ಗಿರಾಕಿ ಎಂದರೆ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ನೀರಿನ ಪಂಪುಗಳಿಗೆ ಬೇಕಾಗುವ ಲೋಹದ ಬಿಡಿಭಾಗಗಳನ್ನು ಅಲ್ಲಿ ಮಾಡುತ್ತಿದ್ದರು. ಗೇಟು ದಾಟಿದ ಕೂಡಲೇ ಕಬ್ಬಿಣದ ಪುಡಿ ಮತ್ತು ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪನ ಅಂಗಿಯಿಂದ ಬರುತ್ತಿದ್ದದ್ದೂ ಇದೇ ವಾಸನೆ. ಮೊದಲ ದಿನವೇ ಆ ಜಾಗ ಇಷ್ಟವಾಗಿಬಿಟ್ಟಿತು.

ಅಲ್ಲಿನ ತೊಂದರೆ ಒಂದು ಸಲಹಾ ಪೆಟ್ಟಿಗೆಯದು. ಕಾರ್ಮಿಕರು ಹಾಜರಿ ಹಾಕುವ ಟೈಮ್ ಆಫೀಸಿನ ಪಕ್ಕದ ಗೋಡೆಗೆ ಬಡಿದಿದ್ದ ಆ ತಗಡಿನ ಡಬ್ಬಿಗೆ ಕಾರ್ಮಿಕರು ಚೀಟಿ ಬರೆದು ಹಾಕಬೇಕಿತ್ತು. ಹಾಕುತ್ತಲೂ ಇದ್ದರು. ಆದರೆ ತಿಂಗಳ ಕೊನೆಗೆ ಬೀಗ ತೆಗೆದರೆ ಒಳಗೆ ನಾಲ್ಕೈದು ಚೀಟಿ ಮಾತ್ರ ಸಿಗುತ್ತಿದ್ದವು. ಎಲ್ಲದರಲ್ಲೂ ಯಜಮಾನರಿಗೆ ಹೊಸ ವರ್ಷದ ಶುಭಾಶಯ! ಉಳಿದವನ್ನು ಆಡಳಿತದವರೇ ಹರಿದು ಹಾಕುತ್ತಾರೆ ಎಂದು ಯೂನಿಯನ್ನಿನವರು, ಯಾರೂ ಬರೆಯುವುದೇ ಇಲ್ಲ ಎಂದು ಆಡಳಿತದವರು. ಈ ಜಗಳ ವರ್ಷಗಟ್ಟಲೆ ನಡೆದಿತ್ತು. ಅಷ್ಟರಲ್ಲಿ ಯಜಮಾನರು ವೈಟ್‌ಫೀಲ್ಡಿನ ಯಾವುದೋ ಹೋಟೆಲಿನಲ್ಲಿ ನಡೆದ ಒಂದು ಸಭೆಗೆ ಹೋಗಿ, ಬ್ಲಾಕ್‌ಚೈನ್ ಎಂಬುದೊಂದಿದೆ, ಅದರಲ್ಲಿ ಬರೆದದ್ದನ್ನು ಯಾರೂ ಅಳಿಸಲಾಗುವುದಿಲ್ಲ ಎಂದು ಕೇಳಿಕೊಂಡು ಬಂದರು.

"ಅಳಿಸಕ್ಕಾಗಲ್ಲ ತಾನೇ?" ಎಂದು ಅವರು ನನ್ನನ್ನು ಮೊದಲ ದಿನ ಕೇಳಿದರು.

"ಆಗಲ್ಲ ಸಾರ್."

"ನಾನು ಹೇಳಿದ್ರೂ?"

"ನೀವು ಹೇಳಿದ್ರೂ."

ಅವರ ಮುಖದಲ್ಲಿ ದೊಡ್ಡ ಸಮಾಧಾನ ಕಾಣಿಸಿತು. ಅಷ್ಟು ವರ್ಷ ಕಳ್ಳನೆಂದು ಕರೆಸಿಕೊಂಡವರು ಅವರು.

ಏರ್ಪಾಡು ಹೀಗಿತ್ತು. ಐದು ಕಂಪ್ಯೂಟರುಗಳು, ಐದರಲ್ಲೂ ಒಂದೇ ಪಟ್ಟಿ. ಒಬ್ಬರು ತಮ್ಮಲ್ಲಿರುವುದನ್ನು ಗುಟ್ಟಾಗಿ ತಿದ್ದಿದರೆ ಉಳಿದ ನಾಲ್ಕು ಒಪ್ಪುವುದಿಲ್ಲ. ಪಟ್ಟಿಗೆ ಏನನ್ನು ಸೇರಿಸಬಹುದು, ಹೇಗೆ ಸೇರಿಸಬಹುದು ಎಂಬ ನಿಯಮವನ್ನು ಒಂದು ಪುಟ್ಟ ಪ್ರೋಗ್ರಾಮು ನೋಡಿಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಅದನ್ನು ಬರೆಯುವುದು ನನ್ನ ಕೆಲಸ. ಅಕ್ಷರಗಳ ಒಂದು ಸರಕ್ಕೆ ನಮ್ಮ ಭಾಷೆಯಲ್ಲಿ ಸ್ಟ್ರಿಂಗ್. ಒಂದೊಂದು ಸಲಹೆಯೂ ಒಂದೊಂದು ಸ್ಟ್ರಿಂಗ್. ಅವುಗಳನ್ನು ಸಾಲಾಗಿ ನಿಲ್ಲಿಸಿ ನಂಬರು ಕೊಟ್ಟರೆ ಅದೇ ಅರೇ. ನೋಡಲು ಇಷ್ಟು ಸರಳ. ಇಂಥದ್ದನ್ನು ಕಾಲೇಜಿನ ಮೊದಲ ವರ್ಷದಲ್ಲೇ ಬರೆಸುತ್ತಾರೆ.

ಐದು ಕಂಪ್ಯೂಟರುಗಳಲ್ಲಿ ಒಂದು ಯಜಮಾನರ ಕೋಣೆಯಲ್ಲಿ, ಒಂದು ಯೂನಿಯನ್ ಲೀಡರ ಹತ್ತಿರ, ಒಂದು ಗೇಟಿನ ಸೆಕ್ಯುರಿಟಿ ಕೋಣೆಯಲ್ಲಿ, ಒಂದು ಹೂಡಿಯ ನಮ್ಮ ಕಚೇರಿಯಲ್ಲಿ. ಐದನೆಯದು ಎಲ್ಲಿರಬೇಕೆಂದು ಇಡೀ ಒಂದು ದಿನ ಚರ್ಚೆಯಾಯಿತು. ಎರಡೂ ಕಡೆಯವರು ನಂಬುವ ಒಬ್ಬರೇ ಒಬ್ಬರು ಕಾರ್ಖಾನೆಯಲ್ಲಿದ್ದರು. ಅವರು ಕ್ಯಾಂಟೀನ್ ನಡೆಸುವ ಅಕ್ಕ. ಅತ್ತಿಬೆಲೆ ಕಡೆಯವರು. ಐವತ್ತು ದಾಟಿದ್ದರೂ ಅವರ ಕಂಠ ಎರಡು ಶೆಡ್ ದಾಟಿ ಕೇಳಿಸುತ್ತಿತ್ತು. ಹಾಗೆ ಐದನೇ ಕಂಪ್ಯೂಟರು ಅವರ ಅಡುಗೆಮನೆಗೆ, ಇಡ್ಲಿ ಪಾತ್ರೆಯ ಪಕ್ಕಕ್ಕೆ ಹೋಯಿತು. ಅಕ್ಕ ಅದಕ್ಕೆ ದಿನಾ ಅರಿಶಿನ ಕುಂಕುಮ ಇಟ್ಟು, ಹಬೆ ತಾಗದಂತೆ ಮೇಲೊಂದು ಟವೆಲ್ ಹೊದಿಸುತ್ತಿದ್ದರು.

ತಪ್ಪು ನಡೆದದ್ದು ಉದ್ಘಾಟನೆಯ ಹಿಂದಿನ ದಿನ. ಎಲ್ಲ ಪ್ರೋಗ್ರಾಮಿನವರಂತೆ ನಾನೂ ಪರೀಕ್ಷೆಗೆಂದು ಬೇರೆಯೇ ಒಂದು ಸುಳ್ಳು ಜಾಲವನ್ನು ಇಟ್ಟುಕೊಂಡಿದ್ದೆ. ಅದರಲ್ಲಿ ಏನು ಗೀಚಿದರೂ ನಡೆಯುತ್ತದೆ. ಮಧ್ಯಾಹ್ನ ಹಸಿವಾಗಿತ್ತು. ಬಾಯಿಗೆ ಬಂದದ್ದನ್ನು ಟೈಪ್ ಮಾಡಿದೆ: "ಚಿತ್ರಾನ್ನದಲ್ಲಿ ಕಡಲೆಕಾಯಿ ಇಲ್ಲ." ಕಳುಹಿಸಿದೆ. ಪಟ್ಟಿಯಲ್ಲಿ ಬಂತು. ಸಂತೋಷವಾಯಿತು. ಐದು ನಿಮಿಷದ ನಂತರ ನೋಡುತ್ತೇನೆ, ನಾನು ಬರೆದದ್ದು ಸುಳ್ಳು ಜಾಲದಲ್ಲಲ್ಲ, ನಿಜವಾದದ್ದರಲ್ಲಿ. ಅರೇಯ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಆ ಕಾರ್ಖಾನೆಯ ಇತಿಹಾಸದಲ್ಲಿ ಯಾರೂ ಅಳಿಸಲಾಗದ ಮೊಟ್ಟಮೊದಲ ಸಲಹೆ, ಸೊನ್ನೆ ನಂಬರಿನದು, ನನ್ನ ಚಿತ್ರಾನ್ನದ್ದು.

ಇದಕ್ಕೆ ಪರಿಹಾರ ಸುಲಭ. ಹಳೆಯ ಕಾಂಟ್ರಾಕ್ಟನ್ನು ಅಲ್ಲೇ ಬಿಟ್ಟು ಹೊಸದೊಂದನ್ನು ಹಾಕಿದರಾಯಿತು. ಹೊಸದಕ್ಕೆ ಬೇರೆ ವಿಳಾಸ ಬರುತ್ತದೆ, ಅಷ್ಟೆ. ವಿಳಾಸ ಎಂದರೆ ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ಉದ್ದನೆಯ ಒಂದು ಸಾಲು. ಇದನ್ನು ಹೇಳಲೆಂದು ಯಜಮಾನರ ಕೋಣೆಗೆ ಓಡಿದೆ. ದಾರಿಯಲ್ಲಿ ಟೈಮ್ ಆಫೀಸಿನ ಮುಂದೆ ಏಣಿ ಹಾಕಿದ್ದರು. ಪೇಂಟರ್ ಒಬ್ಬರು ನಾಲಿಗೆ ಕಚ್ಚಿಕೊಂಡು, ಹಳದಿ ಗೋಡೆಯ ಮೇಲೆ ಕೆಂಪು ಎನಾಮೆಲ್ ಬಣ್ಣದಲ್ಲಿ, ಒಂದೊಂದು ಅಕ್ಷರ ಒಂದೊಂದು ಗೇಣು ಎತ್ತರಕ್ಕೆ, ಆ ವಿಳಾಸವನ್ನೇ ಬರೆಯುತ್ತಿದ್ದರು. ಕೊನೆಯ ಮೂರು ಅಕ್ಷರ ಬಾಕಿ ಇದ್ದವು. ಕೆಳಗೆ ಯೂನಿಯನ್ ಲೀಡರು ಚೀಟಿ ಹಿಡಿದು ಒಂದೊಂದನ್ನೇ ತಾಳೆ ನೋಡುತ್ತಿದ್ದರು.

"ಅಣ್ಣ, ವಿಳಾಸ ಬದಲಾಯಿಸಬೇಕಾಗುತ್ತೆ" ಎಂದೆ.

ಲೀಡರು ಚೀಟಿಯಿಂದ ತಲೆಯೆತ್ತಿ ನೋಡಿದರು. ತುಂಬ ಶಾಂತ ಸ್ವಭಾವದ, ನಿವೃತ್ತಿ ಹತ್ತಿರವಾಗಿದ್ದ ಮನುಷ್ಯ. "ಯಾಕಮ್ಮ?"

"ಒಂದು ಟೆಸ್ಟ್ ಸಲಹೆ ಒಳಗೆ ಹೋಗ್ಬಿಟ್ಟಿದೆ. ಅದನ್ನ ತೆಗೀಬೇಕು."

"ಏನಂತ ಇದೆ ಅದ್ರಲ್ಲಿ?"

ಹೇಳಿದೆ. ಅವರು ಚೀಟಿಯನ್ನು ಕೆಳಗಿಳಿಸಿದರು. "ಕಡ್ಲೆಕಾಯಿ ಇಲ್ದೇ ಇರೋದು ನಿಜ ಅಲ್ವಾ?"

"ನನಗೆ ಗೊತ್ತಿಲ್ಲ ಅಣ್ಣ, ನಾನು ತಿಂದಿಲ್ಲ. ಸುಮ್ಮನೆ ಬರೆದದ್ದು."

"ನೋಡಮ್ಮ, ಅಳಿಸಕ್ಕಾಗಲ್ಲ ಅಂತ ಹೇಳಿ ನೂರಿಪ್ಪತ್ತು ಜನರನ್ನ ಒಪ್ಸಿದೀನಿ. ಇನ್ನೂ ಟೇಪ್ ಕತ್ತರಿಸಿಲ್ಲ, ಮೊದಲನೇ ಸಲಹೇನೇ ಅಳಿಸ್ತೀನಿ ಅಂತೀಯ. ಯಾರು ನಂಬ್ತಾರೆ?"

ನಾನು ಯಜಮಾನರ ಕೋಣೆಗೆ ಹೋಗದೆ ಅಲ್ಲೇ ನಿಂತೆ. ಪೇಂಟರ್ ಕೊನೆಯ ಮೂರು ಅಕ್ಷರವನ್ನೂ ಬರೆದು ಇಳಿದರು. ಮರುದಿನ ತೆಂಗಿನಕಾಯಿ ಒಡೆದು ಪೂಜೆ ಮಾಡಿದರು.

ಮೊದಲ ವಾರ ಮೂವತ್ತಕ್ಕೂ ಹೆಚ್ಚು ಸಲಹೆ ಬಂದವು. ಟೈಮ್ ಆಫೀಸಿನ ಮುಂದೆ ಇಟ್ಟಿದ್ದ ಟ್ಯಾಬ್ಲೆಟ್ಟಿನಲ್ಲಿ ಕನ್ನಡದಲ್ಲೇ ಬರೆಯಬಹುದಿತ್ತು. ಬರೆದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ನಂಬರು ಮುದ್ರಿಸಿದ ಒಂದು ಚೀಟಿ ಮಾತ್ರ ಅವರ ಕೈಗೆ ಬರುತ್ತದೆ. ಒಂದೇ ಸಲಹೆಯನ್ನು ಎರಡು ಸಲ ಸೇರಿಸಬಾರದೆಂದು ಯಜಮಾನರು ಹೇಳಿದ್ದರು. ಕಾಂಟ್ರಾಕ್ಟಿನ ಒಳಗೆ ಎರಡು ಸ್ಟ್ರಿಂಗ್‌ಗಳನ್ನು ಪಕ್ಕ ಪಕ್ಕ ಇಟ್ಟು ಒಂದೇನಾ ಎಂದು ನೇರವಾಗಿ ಕೇಳುವ ಹಾಗಿಲ್ಲ. ಎರಡನ್ನೂ ಅರೆದು ಅವುಗಳಿಂದ ಬರುವ ಗುರುತಿನ ಮುದ್ರೆಗಳನ್ನು ಹೋಲಿಸಬೇಕು. ಒಂದು ಚುಕ್ಕಿ ಬೇರೆಯಾದರೂ ಮುದ್ರೆ ಬೇರೆ. ಆದ್ದರಿಂದ "ಫ್ಯಾನ್ ಬೇಕು", "ಫ್ಯಾನು ಬೇಕು", "ಫ್ಯಾನ್ ಬೇಕು ಸಾರ್", "ಬೇಕು ಫ್ಯಾನ್" ಎಲ್ಲವೂ ಬೇರೆ ಬೇರೆ ಸಲಹೆಗಳಾಗಿ ಒಳಗೆ ಬಂದವು. ಒಟ್ಟು ಹನ್ನೊಂದು ರೀತಿಯಲ್ಲಿ ಫ್ಯಾನ್ ಕೇಳಲಾಗಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ಸಮಿತಿ ಸೇರಬೇಕು, ಪಟ್ಟಿಯಲ್ಲಿರುವ ಪ್ರತಿಯೊಂದು ಸಲಹೆಗೂ ಉತ್ತರ ಕೊಡಬೇಕು, ಒಂದನ್ನೂ ಬಿಡಬಾರದು ಎಂದು ಬರವಣಿಗೆಯಲ್ಲಿ ಒಪ್ಪಂದವಾಗಿತ್ತು. ಸಮಿತಿ ಎಂದರೆ ಕಂಪ್ಯೂಟರು ಇಟ್ಟುಕೊಂಡ ಐವರು: ಯಜಮಾನರು, ಲೀಡರು, ಗೇಟಿನ ಸೆಕ್ಯುರಿಟಿಯವರು, ಕ್ಯಾಂಟೀನ್ ಅಕ್ಕ, ನಮ್ಮ ಕಂಪನಿಯ ಪರವಾಗಿ ನಾನು. ಮೊದಲ ಸಭೆಯಲ್ಲಿ ಯಜಮಾನರು ಕನ್ನಡಕ ಹಾಕಿಕೊಂಡು ಸೊನ್ನೆಯಿಂದಲೇ ಶುರು ಮಾಡಿದರು. "ಚಿತ್ರಾನ್ನದಲ್ಲಿ ಕಡಲೆಕಾಯಿ ಇಲ್ಲ."

ಅಕ್ಕ ಕುರ್ಚಿಯಿಂದ ಎದ್ದು ನಿಂತರು. "ಯಾರು ಏಳಿದ್ದು?"

"ಹೆಸರಿರಲ್ಲ ಅಕ್ಕ" ಎಂದರು ಲೀಡರು.

"ನನ್ನ ಚಿತ್ರಾನ್ನದಾಗೆ ಕಡ್ಲೆಕಾಯಿ ಇಲ್ಲ ಅಂತ ಏಳಕ್ಕೆ ಬಾಯಿ ಐತೆ, ಎಸ್ರು ಏಳಕ್ಕೆ ಇಲ್ವಾ? ಮಂಗಳವಾರ ಮಂಗಳವಾರ ಉರಿದು ಆಕ್ತೀನಿ ನಾನು. ಕೆಳಗೆ ಓಗ್ಬಿಡ್ತವೆ. ಕಲಸ್ಕೊಂಡು ತಿನ್ನಕ್ಕೆ ಬರದಿದ್ರೆ ನಾನೇನ್ ಮಾಡ್ಲಿ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಗಲೇ ಹೇಳಿಬಿಡಬೇಕಿತ್ತು. ಲೀಡರು ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿಕೊಂಡೆ. ಯಜಮಾನರು ಆ ಸಲಹೆಯನ್ನು ಮುಂದಿನ ವಾರಕ್ಕೆ ಹಾಕಿ, ಬೇರೆಯವನ್ನು ಓದತೊಡಗಿದರು. ನಮ್ಮ ಎರಡನೇ ವಿಪತ್ತು ಹದಿನೇಳನೇ ನಂಬರಿನಲ್ಲಿ ಕಾದಿತ್ತು.

"ಸೂಪರ್‌ವೈಸರ್ ದಿನಾ ಬೆಳಿಗ್ಗೆ ಹೊಡೆಯುವ ಬೆ" ಎಂದು ಓದಿ ಯಜಮಾನರು ನಿಲ್ಲಿಸಿದರು.

"ಮುಂದೆ ಓದಿ ಸಾರ್" ಎಂದರು ಸೆಕ್ಯುರಿಟಿಯವರು.

"ಮುಂದೆ ಇಲ್ಲ. ಬೆ. ಅಷ್ಟೆ."

ಲೀಡರ ಮುಖ ಕೆಂಪಾಯಿತು. "ಬೆತ್ತ" ಎಂದರು ಅವರು ಸಣ್ಣ ದನಿಯಲ್ಲಿ.

"ಬೆಲ್ಟೂ ಇರಬೌದು" ಎಂದರು ಸೆಕ್ಯುರಿಟಿಯವರು.

"ನನ್ನ ಫ್ಯಾಕ್ಟರೀಲಿ ಹೊಡೀತಾರಾ? ಇಪ್ಪತ್ತೊಂದನೇ ಶತಮಾನದಲ್ಲಿ?" ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅಂದು ಸೂಪರ್‌ವೈಸರನ್ನು ಕರೆಸಿದರು. ಪಾಪ, ಅವರು ಬಹಳ ಮೆದು ಮಾತಿನ ಮನುಷ್ಯ. ಬೆತ್ತ ಎಲ್ಲಿಟ್ಟಿದ್ದೀರಿ ಎಂದು ಕೇಳಿದಾಗ ಅವರು ಅರ್ಥವಾಗದೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಕಪಾಟನ್ನು ತೆರೆಸಿದರು. ಒಂದು ಟಿಫನ್ ಡಬ್ಬಿ, ಒಂದು ಛತ್ರಿ ಸಿಕ್ಕಿತು. ಛತ್ರಿಯನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಇಟ್ಟುಕೊಂಡು ಎಲ್ಲರೂ ಅದನ್ನೇ ನೋಡಿದರು.

ನನಗೆ ಮಾತ್ರ ಏನಾಗಿದೆಯೆಂದು ಹೊಳೆಯತೊಡಗಿತ್ತು. ಯಾಕೆಂದರೆ ಸಲಹೆಯ ಉದ್ದಕ್ಕೆ ಮಿತಿ ಹಾಕಿದವಳು ನಾನು. ನೂರು ಅಕ್ಷರ ಸಾಕು ಎಂದುಕೊಂಡು ನೂರು ಎಂದು ಬರೆದಿದ್ದೆ. ಆದರೆ ಕಾಂಟ್ರಾಕ್ಟು ಸ್ಟ್ರಿಂಗಿನ ಉದ್ದವನ್ನು ಅಕ್ಷರದಲ್ಲಿ ಎಣಿಸುವುದಿಲ್ಲ, ಅದು ಹಿಡಿಯುವ ಜಾಗದಲ್ಲಿ, ಅಂದರೆ ಬೈಟುಗಳಲ್ಲಿ ಎಣಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಮೂಲ ಅಕ್ಷರಕ್ಕೆ ಮೂರು, ಅದರ ಕೊಂಬಿಗೆ ಮೂರು, ಒತ್ತು ಕೊಡಲು ಇನ್ನೂ ಆರು. "ಸ್ತ್ರೀ" ಎಂಬ ಒಂದೇ ಅಕ್ಷರ ಹದಿನೆಂಟು ಬೈಟ್ ತಿನ್ನುತ್ತದೆ. ನೂರು ದಾಟಿದ್ದನ್ನು ಕತ್ತರಿಸಿ ಕಳುಹಿಸುವಂತೆ ಟ್ಯಾಬ್ಲೆಟ್ಟಿಗೆ ಹೇಳಿಕೊಟ್ಟವಳೂ ನಾನೇ. ಇಂಗ್ಲಿಷಿನಲ್ಲಿ ಬರೆದವರ ಅಹವಾಲು ಪೂರ್ತಿ ಬಂದಿತ್ತು. ಕನ್ನಡದಲ್ಲಿ ಬರೆದವರದ್ದು ಮೂರು ನಾಲ್ಕು ಪದಕ್ಕೆ ಕುತ್ತಿಗೆ ಮುರಿದುಕೊಂಡಿತ್ತು.

"ಸಾರ್, ಅದು ಅರ್ಧ ಸಲಹೆ" ಎಂದು ಎದ್ದು ಹೇಳಿದೆ. ಬೈಟು, ಒತ್ತು, ಕೊಂಬು ಎಲ್ಲವನ್ನೂ ವಿವರಿಸಿದೆ.

ಯಜಮಾನರು ತಾಳ್ಮೆಯಿಂದ ಕೇಳಿದರು. "ಅಂದ್ರೆ ಕನ್ನಡದಲ್ಲಿ ಬೇಜಾರು ಮಾಡ್ಕೊಂಡ್ರೆ ಮೂರು ಪಟ್ಟು ಜಾಗ ಬೇಕು ಅಂತೀರಾ?"

"ಹೆಚ್ಚು ಕಡಿಮೆ ಹಾಗೇ ಸಾರ್."

ಹದಿನೇಳನೇ ನಂಬರಿನ ಚೀಟಿ ಇರುವವರು ಹೆದರದೆ ಮುಂದೆ ಬರಬೇಕೆಂದು ನೋಟಿಸ್ ಹಾಕಿದರು. ಮೂರನೇ ದಿನ ಮೂಲೆಯ ಮೆಷಿನ್ನಿನಲ್ಲಿ ಕೆಲಸ ಮಾಡುವ ಒಬ್ಬರು ಬಂದು ವಾಕ್ಯವನ್ನು ಪೂರ್ತಿ ಮಾಡಿದರು: "ಸೂಪರ್‌ವೈಸರ್ ದಿನಾ ಬೆಳಿಗ್ಗೆ ಹೊಡೆಯುವ ಬೆಲ್ಲು ಮೂಲೆಯವರೆಗೆ ಕೇಳಿಸುವುದಿಲ್ಲ." ಸೂಪರ್‌ವೈಸರಿಗೆ ಛತ್ರಿಯನ್ನು ವಾಪಸ್ಸು ಕೊಟ್ಟರು. ಮೂಲೆಗೊಂದು ಹೊಸ ಬೆಲ್ಲು ಬಂತು. ನಾನು ಮಿತಿಯನ್ನು ಟ್ಯಾಬ್ಲೆಟ್ಟಿನಲ್ಲೂ ಕಾಂಟ್ರಾಕ್ಟಿನಲ್ಲೂ ಏರಿಸಿದೆ. ಆದರೆ ಆಗಲೇ ಒಳಗೆ ಹೋಗಿದ್ದ ತುಂಡು ಸಲಹೆಗಳು ಹಾಗೆಯೇ ಉಳಿದವು. ಹದಿನೇಳರಲ್ಲಿ ಇವತ್ತಿಗೂ ಸೂಪರ್‌ವೈಸರ್ "ಬೆ" ಹೊಡೆಯುತ್ತಲೇ ಇದ್ದಾರೆ.

ಚಿತ್ರಾನ್ನದ ವಿಷಯ ಮಾತ್ರ ಬೆಲ್ಲಿನಂತೆ ಬಗೆಹರಿಯಲಿಲ್ಲ. ಅಕ್ಕ ಮುಂದಿನ ಮಂಗಳವಾರ ಚಿತ್ರಾನ್ನ ಮಾಡಲಿಲ್ಲ. ಉಪ್ಪಿಟ್ಟು ಮಾಡಿದರು. ಅದರ ಮುಂದಿನ ಮಂಗಳವಾರವೂ ಉಪ್ಪಿಟ್ಟೇ. ಆ ಸಾಲು ಪಟ್ಟಿಯಲ್ಲಿರುವ ತನಕ ಒಲೆಯ ಮೇಲೆ ಚಿತ್ರಾನ್ನ ಏರುವುದಿಲ್ಲ ಎಂದು ಹೇಳಿಬಿಟ್ಟರು. ನೂರಿಪ್ಪತ್ತು ಜನ ಸೊನ್ನೆ ನಂಬರಿನವನು ಯಾರೆಂದು ಹುಡುಕತೊಡಗಿದರು.

ಆಗ ಲೇತ್ ಮೆಷಿನ್ನಿನ ಒಬ್ಬ ಹಿರಿಯ ಆಪರೇಟರ್, "ಅದನ್ನ ಬರೆದಿದ್ದು ನಾನೇ" ಎಂದು ಒಪ್ಪಿಕೊಂಡರು!

ನನಗೆ ಸುದ್ದಿ ಕೊಟ್ಟವರು ಸೆಕ್ಯುರಿಟಿಯವರು. ನಾನು ನಂಬದೆ ಲೇತ್ ಹತ್ತಿರ ಹೋದೆ. ಕೆಲವರು ಅವರ ಮೇಲೆ ಸಿಟ್ಟಾಗಿದ್ದರು. ಇನ್ನು ಕೆಲವರು ಅಕ್ಕನ ಎದುರು ಬಾಯಿ ತೆರೆದ ಮೊದಲ ಗಂಡಸೆಂದು ಬೆನ್ನು ತಟ್ಟುತ್ತಿದ್ದರು. ಟೀ ವಿರಾಮದಲ್ಲಿ ಅವರನ್ನು ಒಂದು ಪಕ್ಕಕ್ಕೆ ಕರೆದೆ.

"ಸಾರ್, ಅದನ್ನ ಬರ್ದಿದ್ದು ನೀವಲ್ಲ. ನಾನು."

ಅವರು ಟೀ ಲೋಟದೊಳಗೆ ನೋಡುತ್ತಾ ನಕ್ಕರು. "ಇಪ್ಪತ್ತೆರಡು ವರ್ಷ ಆಯ್ತು ಮೇಡಂ ಇಲ್ಲಿಗೆ ಬಂದು. ನಾನು ಹೇಳಿದ್ದು ಒಂದು ಮೀಟಿಂಗ್‌ನಲ್ಲಿ ಚರ್ಚೆ ಆಗಿದ್ದು ಇದೇ ಮೊದಲು."

"ಆದ್ರೆ ನೀವು ಹೇಳೇ ಇಲ್ವಲ್ಲ."

"ಬರ್ದಿರ್ಲಿಲ್ಲ ಅಷ್ಟೆ. ಎಷ್ಟೋ ವರ್ಷದಿಂದ ಅಂದ್ಕೊಂಡಿದ್ದೆ. ನೀವು ಬರೆದ್ರಿ. ನಿಮಗೆ ಅದ್ರಿಂದ ಏನಾಗ್ಬೇಕು, ಬಿಟ್ಬಿಡಿ ಮೇಡಂ."

ಬಿಡಲು ಮನಸ್ಸು ಬರಲಿಲ್ಲ. ನನ್ನ ತಪ್ಪನ್ನು ಇನ್ನೊಬ್ಬರು ಹೊತ್ತುಕೊಂಡರೆ ನಿದ್ದೆ ಹೇಗೆ ಬರಬೇಕು? ಜೊತೆಗೆ, ನಿಜ ಹೇಳಬೇಕೆಂದರೆ, ನಾನು ಬರೆದದ್ದನ್ನು ಇನ್ನೊಬ್ಬರು ತಮ್ಮದೆಂದದ್ದೂ ಸ್ವಲ್ಪ ಚುಚ್ಚಿತ್ತು. ಆ ಶನಿವಾರ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. ಟೆಸ್ಟ್ ಮಾಡುವಾಗ ಕೈತಪ್ಪಿ ಹೋಯಿತು, ಬರೆದದ್ದು ನಾನು, ಕ್ಷಮಿಸಿ ಎಂದೆ. ಲೀಡರ ಕಡೆ ನೋಡಿದೆ.

"ಹೌದು, ಅವತ್ತು ಏಣಿ ಹತ್ರ ಹೇಳಿದ್ರು" ಎಂದರು ಲೀಡರು. "ಆದ್ರೆ ಅಳಿಸಬೇಕು ಅಂತ ನೆಪ ಹೇಳ್ತಿದಾರೆ ಅಂದ್ಕೊಂಡೆ. ಈಗ್ಲೂ ಹಂಗೇ ಅನ್ಸುತ್ತೆ. ಪಾಪ, ಆಪರೇಟರ್‌ನ ಉಳಿಸೋಕೆ ನೋಡ್ತಿದಾರೆ."

"ಇಲ್ಲ ಅಣ್ಣ, ಬೇಕಾದ್ರೆ ಕಂಪ್ಯೂಟರ್ ನೋಡಿ."

"ಕಂಪ್ಯೂಟರ್ ಏನು ತೋರ್ಸುತ್ತೆ? ಹೆಸರಿರಲ್ಲ ಅಂತ ನೀವೇ ತಾನೇ ಮಾಡಿದ್ದು?"

ನಿಜ. ಯಾರು ಬರೆದರೆಂದು ಯಾವ ಕಾಲಕ್ಕೂ ತಿಳಿಯಬಾರದೆಂದು ಎಲ್ಲ ಸಲಹೆಗಳೂ ಒಂದೇ ಖಾತೆಯಿಂದ ಹೋಗುವಂತೆ ನಾನೇ ಬಹಳ ಜಾಣತನದಿಂದ ಮಾಡಿಟ್ಟಿದ್ದೆ.

ಕೊನೆಗೆ ಅಕ್ಕ ಬಾಯಿ ತೆರೆದರು. "ಈ ಯಮ್ಮ ಅಲ್ಲ ಬಿಡಿ. ಅವತ್ತು ಡಬ್ಬೀಲಿ ಚಪಾತಿ ತಂದಿದ್ರು. ನಾನೇ ನೋಡಿವ್ನಿ. ನನ್ನ ಚಿತ್ರಾನ್ನ ಬಾಯಿಗೂ ಆಕಿಲ್ಲ. ತಿನ್ನದೋರು ಯಾಕೆ ಏಳ್ತಾರೆ?"

ಅಲ್ಲಿಗೆ ನನ್ನ ತಪ್ಪೊಪ್ಪಿಗೆ ತಿರಸ್ಕೃತವಾಯಿತು. ಯಜಮಾನರು ನನ್ನ ಒಳ್ಳೆಯ ಮನಸ್ಸನ್ನು ಮೆಚ್ಚಿ ಎರಡು ಮಾತಾಡಿದರು. ಅಷ್ಟು ಒಂಟಿತನ ನನಗೆ ಇನ್ನೆಂದೂ ಅನಿಸಿಲ್ಲ.

ಉಪ್ಪಿಟ್ಟಿನ ನಾಲ್ಕನೇ ಮಂಗಳವಾರದ ಹೊತ್ತಿಗೆ ಕಾರ್ಮಿಕರೇ ಅಳಿಸಿ ಎಂದು ಗಂಟುಬಿದ್ದರು. ಅಂಥ ಸಂದರ್ಭಕ್ಕೆಂದು ಕಾಂಟ್ರಾಕ್ಟಿನಲ್ಲಿ ಒಂದು ದಾರಿ ಇತ್ತು. ಐದು ಕಂಪ್ಯೂಟರಿನವರೂ ಒಟ್ಟಿಗೆ ಒಪ್ಪಿದರೆ ಒಂದು ಸಲಹೆಯನ್ನು ಪಟ್ಟಿಯಿಂದ ತೆಗೆಯಬಹುದು. ಹಳೆಯ ದಾಖಲೆ ಆಳದಲ್ಲಿ ಎಲ್ಲೋ ಉಳಿದಿರುತ್ತದೆ. ಆದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಐವರೂ ಎಂದಿಗೂ ಒಂದೇ ವಿಷಯಕ್ಕೆ ಒಪ್ಪುವುದಿಲ್ಲವೆಂಬ ಧೈರ್ಯದ ಮೇಲೆ ಅದನ್ನು ಇಟ್ಟಿದ್ದರು. ಈಗ ಒಪ್ಪಿದರು. ಯಜಮಾನರು ಒತ್ತಿದರು, ಲೀಡರು ಒತ್ತಿದರು, ಸೆಕ್ಯುರಿಟಿಯವರು ಟೋಪಿ ಸರಿಮಾಡಿಕೊಂಡು ಒತ್ತಿದರು, ನಾನು ಒತ್ತಿದೆ. ಅಕ್ಕ ಟವೆಲ್ ಸರಿಸಿ, ಕೈಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಂಡು, ಇಡೀ ಅಂಗೈಯಿಂದ ಒತ್ತಿದರು.

ಪಟ್ಟಿ ತೆರೆದೆವು. ಸೊನ್ನೆ ನಂಬರು ಅಲ್ಲೇ ಇತ್ತು. ಅದರ ಮುಂದೆ ಏನೂ ಇರಲಿಲ್ಲ.

ಇದು ಆ ಭಾಷೆಯ ಸ್ವಭಾವ. ಸಾಲಿನಲ್ಲಿರುವ ಒಂದು ಸ್ಟ್ರಿಂಗನ್ನು ಅಳಿಸು ಎಂದರೆ ಒಳಗಿನ ಅಕ್ಷರಗಳನ್ನು ಅಳಿಸುತ್ತದೆ, ಜಾಗವನ್ನು ಅಳಿಸುವುದಿಲ್ಲ. ಮನೆ ಖಾಲಿಯಾಗುತ್ತದೆ, ಡೋರ್ ನಂಬರು ಹಾಗೇ ಇರುತ್ತದೆ. ಎಣಿಸಿದರೆ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ.

"ಏನೂ ಇಲ್ದೇ ಇರೋದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾ ಇದು?" ಎಂದರು ಯಜಮಾನರು.

"ತಗೊಳ್ಳುತ್ತೆ ಸಾರ್. ಬೇಕಿದ್ರೆ ಕೊನೇ ಸಲಹೆನ ತಂದು ಆ ಜಾಗದಲ್ಲಿ ಕೂರಿಸಿ, ಸಾಲನ್ನ ಒಂದು ಕಡಿಮೆ ಮಾಡ್ಬೋದು."

"ಆಗ ಕೊನೆಯವನ ಕೈಲಿರೋ ಚೀಟಿ ನಂಬರು?" ಎಂದರು ಲೀಡರು. "ನಲವತ್ತೊಂದು ಅಂತ ಜೇಬಲ್ಲಿ ಇಟ್ಕೊಂಡಿರ್ತಾನೆ. ಅವನನ್ನ ಸೊನ್ನೆ ಮಾಡ್ತೀರಾ?"

ಅದೂ ಆಗುವಂತಿರಲಿಲ್ಲ. ಖಾಲಿ ಹಾಗೆಯೇ ಇರಲಿ ಎಂದಾಯಿತು. ಆದರೆ ಲೀಡರು ಒಪ್ಪಂದದ ಹಾಳೆ ತೆಗೆದರು. ಪಟ್ಟಿಯಲ್ಲಿರುವ ಪ್ರತಿಯೊಂದು ಸಲಹೆಗೂ ಉತ್ತರ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಖಾಲಿ ಸಲಹೆಗೆ ಉತ್ತರ ಕೊಡದಿದ್ದರೆ ನಾಳೆ ತುಂಬಿದ ಸಲಹೆಗೂ ಕೊಡುವುದಿಲ್ಲ ಎಂದು ಅವರ ವಾದ. ಏನೂ ಹೇಳದವನಿಗೆ ಏನು ಹೇಳಲಿ ಎಂದು ಯಜಮಾನರ ಪ್ರಶ್ನೆ. ಸೆಕ್ಯುರಿಟಿಯವರು, "ಎದ್ದು ನಿಂತು ಕೇಳಿಸ್ಕೊಳೋಣ ಸಾರ್" ಎಂದರು. ಅದು ಯಾಕೋ ಎಲ್ಲರಿಗೂ ಸರಿಯೆನಿಸಿತು. ಐದೂ ಜನ ಎದ್ದು ನಿಂತೆವು. ಯಜಮಾನರು ಪರದೆಯನ್ನು ನೋಡುತ್ತಾ ಆ ಖಾಲಿಯನ್ನು ಗಂಭೀರವಾಗಿ, ಮೌನವಾಗಿ ಓದಿದರು. ಹೊರಗೆ ಪ್ರೆಸ್ ಮೆಷಿನ್ನು ಧಡ್ ಧಡ್ ಎನ್ನುತ್ತಿತ್ತು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ.

"ಯಾರದಾದ್ರೂ ವಿರೋಧ ಇದೆಯಾ?" ಎಂದರು ಯಜಮಾನರು.

ಯಾರದೂ ಇರಲಿಲ್ಲ. ಸರ್ವಾನುಮತದಿಂದ ಒಪ್ಪಲಾಗಿದೆ ಎಂದು ಬರೆಸಿದರು. ಆ ಸಮಿತಿ ಯಾವ ತಕರಾರೂ ಇಲ್ಲದೆ ಒಪ್ಪಿದ ಏಕೈಕ ಸಲಹೆ ಅದು. ಮುಂದಿನ ಮಂಗಳವಾರ ಚಿತ್ರಾನ್ನ ಬಂತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಕಡಲೆಕಾಯಿ ಕೆಳಗಿದ್ದವು.

ಇದಾಗಿ ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅಕ್ಕನ ಅಡುಗೆಮನೆಯ ಕಂಪ್ಯೂಟರನ್ನು ಪರೀಕ್ಷಿಸಲು ಹೋಗಿದ್ದೆ. ಅಲ್ಲಿ ಹತ್ತು ನಿಮಿಷ ನಿಂತರೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಾಲ್ಕು ಒಲೆ, ನಾಲ್ಕು ಗೋಡೆ, ಒಂದು ಬಾಗಿಲು.

"ಇದ್ರಾಗೆ ನಾನೂ ಬರೀಬೌದಾ?" ಎಂದು ಅಕ್ಕ ಕೇಳಿದರು.

"ಬರೀಬೋದು ಅಕ್ಕ. ಯಾಕಾಗಬಾರದು?"

"ನೀನೇ ಒತ್ತು. ನಂಗೆ ಅಕ್ಸರ ಉಡುಕಕ್ಕೆ ಒತ್ತಾಯ್ತದೆ. ಅಡುಗೆಮನೇಗೆ ಒಂದು ಕಿಟಕಿ ಬೇಕು ಅಂತ ಆಕು."

"ಹದಿನಾಲ್ಕು ವರ್ಷದಿಂದ ಇಲ್ಲಿದೀರಿ, ಒಂದ್ಸಲನೂ ಕೇಳಿಲ್ವಾ?"

"ಯಾರೂ ಕೇಳ್ಲಿಲ್ಲ, ನಾನೂ ಏಳ್ಲಿಲ್ಲ. ಆ ಡಬ್ಬಾ ಎಲ್ಲಾ ಒಳಗಿನ ಕೆಲಸದೋರಿಗೆ ಅಂದ್ಕಂಡಿದ್ದೆ."

ಒತ್ತಿದೆ. ಶನಿವಾರ ಸಮಿತಿಯಲ್ಲಿ ಯಜಮಾನರು ಅದನ್ನು ಓದಿದಾಗ, ಇದು ಅಕ್ಕನದೇ ಎಂದು ಎಲ್ಲರಿಗೂ ಗೊತ್ತಾಯಿತು. ಬೇರೆ ಯಾರಿಗೆ ಬೇಕು ಅಡುಗೆಮನೆಯ ಕಿಟಕಿ? ಅಕ್ಕ ಕಾರ್ಮಿಕರಲ್ಲ, ಹೊರಗುತ್ತಿಗೆಯವರು, ಅವರು ಬರೆಯುವಂತಿಲ್ಲ ಎಂದು ಯಜಮಾನರೇ ಹೇಳಿದರು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತಿದ್ದರು. ಅವರು ಹಾಗೆ ಸುಮ್ಮನೆ ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬರೆದಾಗಿದೆಯಲ್ಲ ಸಾರ್" ಎಂದೆ ನಾನು. "ಪಟ್ಟಿಯಲ್ಲಿದೆ. ತೆಗೀಬೇಕು ಅಂದ್ರೆ ಐದು ಜನಾನೂ ಒಪ್ಪಬೇಕು. ನಾನು ಒಪ್ಪಲ್ಲ."

"ನಾನೂ ಒಪ್ಪಲ್ಲ" ಎಂದರು ಲೀಡರು.

ಸೆಕ್ಯುರಿಟಿಯವರು ಯಜಮಾನರ ಮುಖ ನೋಡಿ, ಆಮೇಲೆ ಅಕ್ಕನ ಮುಖ ನೋಡಿ, "ಬಹಳ ಬಿಸಿ ಸಾರ್ ಅಲ್ಲಿ" ಎಂದರು.

ಎರಡು ವಾರದಲ್ಲಿ ಗೋಡೆ ಒಡೆದು ಕಿಟಕಿ ಇಟ್ಟರು. ಕಿಟಕಿ ತೆರೆದ ದಿನ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಎರಡು ಶೆಡ್ಡುಗಳ ನಡುವಿನ ಸಂದಿಯಲ್ಲಿ ತುಮಕೂರು ರಸ್ತೆಯ ಮೇಲಿನ ಮೆಟ್ರೋ ಹಳಿಯ ಒಂದು ತುಂಡು ಕಾಣುತ್ತಿತ್ತು. ಅಷ್ಟರಲ್ಲೇ ಒಂದು ರೈಲು ಹೋಯಿತು. ಅಕ್ಕ ಸೌಟು ಹಿಡಿದೇ ಅದನ್ನು ನೋಡಿದರು.

"ಅದ್ರಾಗೆ ಎಷ್ಟು ದಪ ಓಡಾಡ್ತೀಯ ನೀನು?"

"ದಿನಕ್ಕೆ ನಾಲ್ಕು ಸಲ ಅಕ್ಕ."

"ನಾನು ಇನ್ನೂ ಅತ್ತಿಲ್ಲ ಕಣವ್ವ. ಬಸ್ಸಾಗೇ ಓಯ್ತೀನಿ."

ಆ ಭಾನುವಾರ ಅವರನ್ನು ಕರೆದುಕೊಂಡು ಹೋದೆ. ಅಕ್ಕ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಟಿಕೆಟ್ ತೋರಿಸಿದ ಕೂಡಲೇ ತೆರೆದುಕೊಳ್ಳುವ ಗೇಟನ್ನು ದಾಟುವಾಗ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ರೈಲು ಹೊರಟ ಮೇಲೆ ಗಾಜಿಗೆ ಹಣೆಯೊತ್ತಿ, ಶೆಡ್ಡುಗಳ ಮೇಲ್ಛಾವಣಿ, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ ಎಲ್ಲದರ ನಡುವೆ ಕ್ಯಾಂಟೀನನ್ನು ಹುಡುಕತೊಡಗಿದರು. ಕಾಣುವ ಮೊದಲೇ ನಿಲ್ದಾಣ ಬಂದುಬಿಟ್ಟಿತು.

"ಕಾಣ್ಲೇ ಇಲ್ಲ" ಎಂದರು. ಆಮೇಲೆ ಸೀಟಿನಲ್ಲಿ ಸರಿಯಾಗಿ ಕುಳಿತುಕೊಂಡು, "ಇದು ಎಲ್ಲೀಗಂಟ ಓಯ್ತದೆ?" ಎಂದು ಕೇಳಿದರು.

ಕೊನೆಯ ನಿಲ್ದಾಣದ ಹೆಸರು ಹೇಳಿದೆ.

"ಅಲ್ಲೀಗಂಟ ಓಗಾನ" ಎಂದರು.